ಮೂರು ಉಳಿ, ಒಂದು ಮುಲಾಮಿನ ಮುಚ್ಚಳ

ಹದಿನೆಂಟು ವರ್ಷಗಳ ಹಿಂದೆ, ಒಂದು ಭಾನುವಾರದ ಮಧ್ಯಾಹ್ನ, ನಮ್ಮ ಗುಮಾಸ್ತ ಒಂದು ಮಾತು ಕೊಟ್ಟ. "ಎಂಟು ದಿನ ಟೈಮ್ ಕೊಡಿ. ನಾನೇ ಕೈಯಾರೆ ಕಡೆದು ತಂದುಕೊಡ್ತೀನಿ."

ಕೊಟ್ಟದ್ದು ಮಾವನಿಗೆ. ಆಗಿನ್ನೂ ಅವರು ಮಾವ ಆಗಿರಲಿಲ್ಲ. ಆಗುವುದೋ ಬೇಡವೋ ಎಂದು ಯೋಚಿಸುತ್ತಿದ್ದರು. ಯೋಚನೆಗೆ ಅನುಕೂಲವಾಗಲೆಂದು, ಮಗಳನ್ನು ಕೇಳಲು ಬಂದ ಹುಡುಗನ ಮುಂದೆ ಚದುರಂಗದ ಹಲಗೆ ಇಟ್ಟಿದ್ದರು. ಅವರು ಸ್ಟೇಷನ್ ಮಾಸ್ತರು. ರೈಲು ತಡವಾಗಿ ಬಂದರೆ ರೈಲನ್ನೇ ಗದರಿಸಿದವರು. ಮನುಷ್ಯನ ಗುಣ ತಿಳಿಯಬೇಕಾದರೆ ಅವನನ್ನು ಸೋಲುವ ಆಟಕ್ಕೆ ಕೂರಿಸಿ ನೋಡಬೇಕು ಎಂಬುದು ಅವರ ಸಿದ್ಧಾಂತ.

ಗುಮಾಸ್ತ ಸೋಲುವುದರಲ್ಲಿ ಏನೂ ಕೊರತೆ ಮಾಡಲಿಲ್ಲ. ಆದರೆ ಹದಿನಾಲ್ಕನೆಯ ನಡೆಯಲ್ಲಿ ಅವನ ಮೊಣಕೈ ತಗಲಿ ಬಿಳಿ ರಾಜ ಉರುಳಿ ನೆಲಕ್ಕೆ ಬಿದ್ದ. ಎತ್ತಿಕೊಳ್ಳಲು ಇವನು ಬಗ್ಗಿದ. ಕುರ್ಚಿ ಹಿಂದಕ್ಕೆ ಸರಿಯಿತು. ಕುರ್ಚಿಯ ಕಾಲು, ಅದರ ಮೇಲೆ ಇವನ ಅಷ್ಟೂ ಭಾರ, ಅದರ ಕೆಳಗೆ ರಾಜನ ಕುತ್ತಿಗೆ. "ಕಟಕ್" ಎಂದಿತು. ಒಳಮನೆಯಲ್ಲಿ ಲೋಟ ತೊಳೆಯುತ್ತಿದ್ದ ಹುಡುಗಿ "ಏನಾಯ್ತಪ್ಪಾ?" ಎಂದಳು. "ಏನಿಲ್ಲಮ್ಮ. ಬಂದವರು ನಮ್ಮ ರಾಜನ್ನ ತುಳಿದ್ರು" ಎಂದರು ಅಪ್ಪ.

ಆ ಮೌನದಲ್ಲಿ ಯಾವ ಗಂಡಸೂ ಏನಾದರೊಂದು ಹೇಳಲೇಬೇಕಾಗುತ್ತದೆ. ಗುಮಾಸ್ತ ಹೇಳಿದ್ದು ಇಷ್ಟು: ತನಗೆ ಲೇತ್ ಮೇಲೆ ಮರ ಕಡೆಯುವ ವಿದ್ಯೆ ಗೊತ್ತು, ಎಂಟು ದಿನದಲ್ಲಿ ಇಂಥದ್ದೇ ಇನ್ನೊಬ್ಬ ರಾಜ ಬರುತ್ತಾನೆ.

ಸುಳ್ಳಲ್ಲ. ಶಾಲೆಯಲ್ಲಿದ್ದಾಗ ಕೈಕೆಲಸದ ತರಗತಿಯಲ್ಲಿ ಮರವನ್ನು ಗಿರಗಿರ ತಿರುಗಿಸುವ ಲೇತ್ ಯಂತ್ರ ಇತ್ತು, ಅದರ ಮುಂದೆ ಅವನು ನಿಂತಿದ್ದ. ಕೊನೆಗೆ ಅವನ ಕೈಯಿಂದ ಒಂದು ವಸ್ತುವೂ ಹೊರಬಂದಿತ್ತು. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದೇನೋ?" ಎಂದರು. "ಏನು ಮಾಡ್ಬೇಕು ಅಂತ ಹೇಳಿದ್ರಿ ಸಾರ್?" ಎಂದು ಇವನು ತಿರುಗಿ ಕೇಳಿದ್ದ. ಅಂಕ ಸಿಕ್ಕಿತ್ತು. ಯಾವುದಕ್ಕೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಮದುವೆಯಾಯಿತು. ರಾಜನ ಜಾಗಕ್ಕೆ ಸದ್ಯಕ್ಕಿರಲಿ ಎಂದು ಮಾವ ತಲೆನೋವಿನ ಮುಲಾಮಿನ ಡಬ್ಬಿಯ ಮುಚ್ಚಳ ಇಟ್ಟುಕೊಂಡರು. ಎಂಟು ದಿನಕ್ಕಾಗಿ ಸಿಂಹಾಸನ ಏರಿದ ಆ ಮುಚ್ಚಳ ಹದಿನೆಂಟು ವರ್ಷ ಆಳಿತು. ಪ್ರತಿ ಸಲ ಫೋನ್ ಮಾಡಿದಾಗಲೂ ಕೊನೆಗೊಂದು ಪ್ರಶ್ನೆ ಇರುತ್ತಿತ್ತು: "ಎಂಟು ದಿನ ಆಯ್ತೇನು ಅಳಿಯಂದಿರೇ?" ಗುಮಾಸ್ತ "ಹೆಹ್ಹೆ" ಎನ್ನುತ್ತಿದ್ದ. ಹದಿನೆಂಟು ವರ್ಷದ ನಗು ಅದು. ಸವೆದು ಸವೆದು ಕೊನೆಗೆ ಬರೀ ಉಸಿರು ಉಳಿದಿತ್ತು.

ಈ ಸಲದ ಫೋನಿನಲ್ಲಿ ಮಾತ್ರ ಆ ಪ್ರಶ್ನೆ ಬರಲಿಲ್ಲ.

"ಇನ್ನೆರಡು ತಿಂಗಳಿಗೆ ಬರ್ತೀನಿ, ಹದಿನೈದು ದಿನ ಇರ್ತೀನಿ" ಎಂದರು ಮಾವ. "ಹಲಗೇನೂ ತರ್ತೀನಿ. ಆದ್ರೆ ಕಣ್ಣು ಮಂಜಾಗಿದೆ ಅಳಿಯಂದಿರೇ. ಆಪರೇಷನ್ನಿಗೂ ಬಗ್ಗಲ್ಲ ಅಂತಾರೆ ಡಾಕ್ಟ್ರು. ಈಗ ಕಾಯಿಗಳನ್ನ ಕೈಯಲ್ಲಿ ಮುಟ್ಟಿ ಗುರುತು ಹಿಡೀತೀನಿ. ಕುದುರೆ ಕುದುರೆ ಅಂತ ಗೊತ್ತಾಗುತ್ತೆ, ಆನೆ ಆನೆ ಅಂತ. ಮುಚ್ಚಳ ಮುಟ್ಟಿದ್ರೆ ಮಾತ್ರ ರಾಜ ಅಂತ ಅನ್ಸೋದೇ ಇಲ್ಲ. ನೆಗಡಿ ಆಗಿದೆ ಅಂತ ಅನ್ಸುತ್ತೆ."

ಹೇಳಿ ಅವರೇ ನಕ್ಕರು. ಗುಮಾಸ್ತ ಹೆಹ್ಹೆ ಎನ್ನಲಿಲ್ಲ. ಮರುದಿನವೇ ಉಪಕರಣದ ಅಂಗಡಿಗೆ ಹೋದ.

*

ಅಂಗಡಿಯಾಕೆ ಐವತ್ತು ದಾಟಿದ ಹೆಂಗಸು. ತುರುಬಿನಲ್ಲಿ ಪೆನ್ಸಿಲು, ಮೂಗಿನ ತುದಿಯಲ್ಲಿ ಕನ್ನಡಕ, ತೋಳಿನ ಮೇಲೆ ಮರದ ಹೊಟ್ಟು. ಸುತ್ತ ಗೋಡೆಯ ತುಂಬ ಉಳಿಗಳು. ಅಗಲದ್ದು, ಕಿರಿದು, ದೋಣಿಯಂತೆ ಬಾಗಿದ್ದು, ಓರೆ ಬಾಯಿಯದು. ಪ್ರತಿಯೊಂದೂ ಯಾಕೆ ಹಾಗಿದೆ ಎಂದು ಕೇಳಬೇಕೆನಿಸಿ ಗುಮಾಸ್ತ ಬಾಗಿಲಲ್ಲೇ ನಿಂತುಬಿಟ್ಟ.

"ಏನು ಬೇಕಿತ್ತು?"

"ಮರ ಕಡೆಯೋ ಉಳಿಗಳು."

"ಹೊಸಬರಾ?"

ಮನುಷ್ಯನ ಮಾನ ಹೋಗುವುದು ಇಂಥ ಸಣ್ಣ ಪ್ರಶ್ನೆಗಳಲ್ಲಿ. ಗುಮಾಸ್ತ ಬೆನ್ನು ನೆಟ್ಟಗೆ ಮಾಡಿದ. "ಹೊಸಬ ಅಂತ ಏನಲ್ಲ. ಮೊದಲು ಮಾಡ್ತಿದ್ದೆ. ಮಧ್ಯ ಬಿಟ್ಟುಹೋಗಿತ್ತು. ಈಗ ಮತ್ತೆ ಶುರು ಮಾಡೋಣ ಅಂತ."

"ಬಿಟ್ಟು ಎಷ್ಟು ದಿನ ಆಯ್ತು?"

"ಮೂವತ್ತೊಂದು ವರ್ಷ."

"ಬಿಡೋಕೆ ಮುಂಚೆ ಎಷ್ಟು ದಿನ ಮಾಡಿದ್ರಿ?"

"ಹನ್ನೊಂದು ತರಗತಿ" ಎಂದ ಗುಮಾಸ್ತ. ಸುಳ್ಳು ಹೇಳುವುದು ಅವನ ಜಾಯಮಾನವಲ್ಲ, ಹಾಗಾಗಿ ಸೇರಿಸಿದ, "ಅದ್ರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ."

ಆಕೆ ತುರುಬಿನಿಂದ ಪೆನ್ಸಿಲು ತೆಗೆದು, ಕಿವಿ ಕೆರೆದುಕೊಂಡು, ಮತ್ತೆ ತುರುಬಿಗೆ ಸಿಕ್ಕಿಸಿದಳು. ಗುಮಾಸ್ತನ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಒಳಗೆ ಕೆಂಪು ಮಖಮಲ್ಲು, ಅದರ ಮೇಲೆ ರಾಜಕುಮಾರರಂತೆ ಮಲಗಿದ್ದ ಎಂಟು ಉಳಿಗಳು.

"ಅದನ್ನ ನೋಡಬೇಡಿ" ಎಂದಳು ಆಕೆ. "ಅದು ಕೊಳ್ಳೋರಿಗೆ ಅಂತ ಮಾಡಿದ್ದು. ಕಡೆಯೋರಿಗಲ್ಲ. ಏನು ಕಡೀಬೇಕು ನೀವು?"

"ಒಬ್ಬ ರಾಜ."

"ಎಷ್ಟೆತ್ತರ?"

ಗುಮಾಸ್ತ ಬೆರಳು ತೋರಿಸಿದ. ಆಕೆ ಮೂರು ಉಳಿ ತೆಗೆದು ಮುಂದಿಟ್ಟಳು. "ಇದು ದಪ್ಪದ್ದು, ಚೌಕ ಮರಾನ ಗುಂಡಗೆ ಮಾಡೋಕೆ. ಇದು ದೋಣಿ ಬಾಯಿದು, ಉಬ್ಬು ತಗ್ಗು ತೆಗೆಯೋಕೆ. ಇದು ತೆಳ್ಳಗಿನದು, ಕೊನೇಲಿ ಕತ್ತರಿಸಿ ಬೇರೆ ಮಾಡೋಕೆ. ಸಾಕು."

"ಆ ಓರೆ ಬಾಯಿದು? ಅದು ಬೇಡ್ವಾ?"

"ಅದು ನಾಯಿ ಇದ್ದ ಹಾಗೆ. ಪರಿಚಯ ಇದ್ದೋರಿಗೆ ಕಚ್ಚಲ್ಲ. ನಿಮಗೆ ಬೇಡ."

"ಲೇತ್?"

"ಹಿಂದುಗಡೆ ಕೊಟ್ಟಿಗೇಲಿ ನಂದೇ ಇದೆ. ಬಂದು ಕಡೀರಿ, ಯಾರು ಬೇಡ ಅಂದ್ರು? ಆದ್ರೆ ಮೊಂಡು ಉಳಿ ಹಿಡ್ಕೊಂಡು ಬಂದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತೀನಿ. ಮೊಂಡು ಉಳಿ ಮರಾನೂ ಹಾಳು ಮಾಡುತ್ತೆ, ಮನುಷ್ಯನ್ನೂ ಹಾಳು ಮಾಡುತ್ತೆ. ಮೊದಲು ಸಾಣೆ ಹಿಡಿಯೋದು ಕಲೀರಿ." ಆಕೆ ಬೆಂಚಿನ ಮೇಲಿದ್ದ ಪುಟ್ಟ ಸಾಣೆ ಯಂತ್ರವನ್ನು ಅವನ ಕಡೆಗೆ ನೂಕಿದಳು. ಆಮೇಲೆ ಒಂದು ಉಳಿಯನ್ನು ದೀಪದ ಕೆಳಗೆ ಹಿಡಿದು ತೋರಿಸಿದಳು. "ನೋಡಿ, ತುದೀಲಿ ಬೆಳ್ಳಗೆ ಗೆರೆ ಹೊಳೀತಿದೆಯಲ್ಲ? ಹೊಳೀತಿದೆ ಅಂದ್ರೆ ಮೊಂಡು. ನಿಜವಾದ ಅಲಗು ಕಣ್ಣಿಗೆ ಕಾಣಲ್ಲ."

"ಯಾಕೆ ಕಾಣಲ್ಲ?"

ಆಕೆ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. "ಯಾಕೆ ಅಂತ ಕೇಳೋರು ಬಹಳ ಕಡಿಮೆ" ಎಂದಳು. ಕಾರಣ ಹೇಳಲಿಲ್ಲ.

*

ಮೂರನೆಯ ಮಹಡಿಯ ಮನೆಯ ಬಾಲ್ಕನಿಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಪಕ್ಕದಲ್ಲಿ, ಸಾಣೆ ಯಂತ್ರ ನೆಲೆಗೊಂಡಿತು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದಿನಕ್ಕೆ ಆರು ತರಗತಿ ಮುಗಿಸಿ ಬಂದವಳು ಬಾಲ್ಕನಿಯಲ್ಲಿ ಕಿಡಿ ಹಾರುವುದನ್ನು ನೋಡಿ, ಚೀಲ ಕೆಳಗಿಡದೆ ಕೇಳಿದಳು. "ಏನ್ರೀ ಇದು?"

ಗುಮಾಸ್ತ ಎಲ್ಲವನ್ನೂ ಹೇಳಿದ. ಹೇಳಿ, "ನಿಮ್ಮಪ್ಪನಿಗೆ ಮಾತ್ರ ಬಾಯಿ ಬಿಡಬೇಡ. ಯಾರಿಗೂ ಹೇಳಬೇಡ. ಆಣೆ ಮಾಡು. ಈ ಸಲ ಹೇಳಿ ಮಾಡಲ್ಲ, ಮಾಡಿ ಹೇಳ್ತೀನಿ."

"ಆಯ್ತು, ಆಣೆ" ಎಂದಳು ಹೆಂಡತಿ. "ಹದಿನೆಂಟು ವರ್ಷದಿಂದ ಹೇಳೋಕೆ ಏನಾದ್ರೂ ಇದ್ದಿದ್ರೆ ತಾನೇ." ಆದರೂ ಮರುದಿನ ಶಾಲೆಯಿಂದ ಕರಿಹಲಗೆಯ ಮೇಲೆ ಬಳಸುವ ದೊಡ್ಡ ಮರದ ಕೋನಮಾಪಕ ತಂದು ಬಾಲ್ಕನಿಯ ಮೊಳೆಗೆ ನೇತುಹಾಕಿದಳು.

ಸಾಣೆ ಎಂದರೆ ಏನೋ ಸುಲಭದ ಕೆಲಸ ಎಂದು ತಿಳಿದವರು ಒಮ್ಮೆ ಹಿಡಿದು ನೋಡಬೇಕು. ಮೊದಲ ವಾರ ಗುಮಾಸ್ತನ ಉಳಿಯ ಬಾಯಿ ವಜ್ರದ ಹರಳಿನಂತೆ ಹತ್ತಾರು ಮುಖವಾಯಿತು. ಎರಡನೆಯ ವಾರ ತುದಿ ನೀಲಿಯಾಯಿತು. ಯಾಕೆ ನೀಲಿ? ಒತ್ತಿದ್ದು ಜಾಸ್ತಿ, ಬಿಸಿ ಜಾಸ್ತಿ. ಒತ್ತದಿದ್ದರೆ? ಸಾಣೆಯೇ ಆಗುವುದಿಲ್ಲ. ಎಷ್ಟು ಒತ್ತಬೇಕು? ಅದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಉಳಿಯ ಇಳಿಜಾರಿಗೆ ಮಗಳ ಸ್ಕೆಚ್ ಪೆನ್ನಿನಿಂದ ಬಣ್ಣ ಬಳಿದು, ಕಲ್ಲಿಗೆ ಒಂದೇ ಸಲ ಮುಟ್ಟಿಸಿ, ಬಣ್ಣ ಎಲ್ಲಿ ಹೋಯಿತು ಎಂದು ನೋಡುವುದನ್ನು ಅವನೇ ಕಂಡುಹಿಡಿದ. ಆ ದಿನ ಅವನ ಸಂತೋಷ ನೋಡಬೇಕಿತ್ತು. ಊಟಕ್ಕೆ ಕರೆದರೂ ಬರಲಿಲ್ಲ.

ಏಳನೆಯ ತರಗತಿಯ ಮಗಳಿಗೆ ಬೇರೊಂದು ಕುತೂಹಲ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅವಳ ಎತ್ತರ ಗುರುತು ಹಾಕಿದ್ದ ಪೆನ್ಸಿಲು ಗೆರೆಗಳಿದ್ದವು. ಪಕ್ಕದಲ್ಲಿ ಅವಳು ವಾರಕ್ಕೊಮ್ಮೆ ದೋಣಿ ಬಾಯಿಯ ಉಳಿಯನ್ನು ನಿಲ್ಲಿಸಿ ಅದರ ಎತ್ತರವನ್ನೂ ಗುರುತು ಹಾಕತೊಡಗಿದಳು.

"ಅಪ್ಪಾ, ನಾನು ಮೇಲೆ ಹೋಗ್ತಾ ಇದೀನಿ. ನಿನ್ನ ಉಳಿ ಕೆಳಗೆ ಬರ್ತಾ ಇದೆ."

"ಸುಮ್ನಿರಮ್ಮ."

"ನನ್ನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಹಿಡಿ ಮಾತ್ರ ಉಳಿಯುತ್ತೆ."

*

ಮೂರನೆಯ ವಾರ ಬಾಗಿಲು ಬಡಿದದ್ದು ಕೆಳಮನೆಯ ಅಜ್ಜಿ. ಕೈಯಲ್ಲಿ ತರಕಾರಿ ಹೆಚ್ಚುವ ಚಾಕು.

"ದಿನಾ ಸಂಜೆ ಗುರ್ ಅಂತ ಸದ್ದು ಕೇಳುತ್ತಲ್ಲಪ್ಪಾ, ಏನು ಅಂತ ಕಿವಿ ಕೊಟ್ಟು ಕೇಳಿದೆ. ಸಾಣೆ ಸದ್ದು. ಅಯ್ಯೋ, ಮನೆ ಮೇಲೇನೇ ಸಾಣೆಯೋರು ಇಟ್ಕೊಂಡು ನಾನು ಈ ದರಿದ್ರ ಚಾಕೂಲಿ ಗುದ್ದಾಡ್ತಾ ಇದೀನಲ್ಲ ಅಂತ."

"ಅಜ್ಜೀ, ನಾನು ಸಾಣೆಯೋನಲ್ಲ..."

"ಮತ್ತೆ ಅದೇನು ಮಾಡ್ತೀಯ ಅಲ್ಲಿ?"

ಗುಮಾಸ್ತ ಬಾಯಿ ತೆರೆದ. ಮಾಡಿ ಹೇಳ್ತೀನಿ ಎಂದ ಮಾತು ನೆನಪಾಯಿತು. ಬಾಯಿ ಮುಚ್ಚಿದ. ಚಾಕು ತೆಗೆದುಕೊಂಡ.

ಅಲ್ಲದೆ ಅವನಿಗೂ ಒಳಗೊಳಗೇ ಕುತೂಹಲ. ಚಾಕುವಿನ ಉಕ್ಕು ಉಳಿಯ ಉಕ್ಕಿನ ಹಾಗೇ ಇರುತ್ತದೆಯೇ? ಎರಡು ಕಡೆ ಇಳಿಜಾರಾದರೆ ಕೋನ ಎಷ್ಟು? ಹತ್ತು ನಿಮಿಷದಲ್ಲಿ ಅಜ್ಜಿಯ ಚಾಕು ಟೊಮೆಟೊ ಮೇಲೆ ಇಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುವ ಹಾಗಾಯಿತು. ಅಜ್ಜಿ ಟೊಮೆಟೊದ ಹೋಳನ್ನು ಬೆಳಕಿಗೆ ಹಿಡಿದು, ಅದರ ಮೂಲಕ ಗುಮಾಸ್ತನ ಮುಖ ನೋಡಿ, "ಕಾಣ್ತಾ ಇದೀಯಪ್ಪ" ಎಂದರು. ಕಟ್ಟಡದಲ್ಲಿ ಯಾವ ಸುದ್ದಿಯೂ ಅಜ್ಜಿಯ ಬಾಯಿಗೆ ಬಿದ್ದ ಮೇಲೆ ಮೆಟ್ಟಿಲು ಹತ್ತುವುದಿಲ್ಲ, ಹಾರುತ್ತದೆ.

ಮರುದಿನ ನೆಲಮಹಡಿಯ ದರ್ಜಿ ಮೂರು ಕತ್ತರಿ ತಂದ. ಅದರ ಮರುದಿನ ಎದುರು ಬೀದಿಯ ಕ್ಷೌರದಂಗಡಿಯವನು. ಒಂದು ವಾರದಲ್ಲಿ ಮೆಟ್ಟಿಲ ಮೇಲೆ ಸಾಲು. ಎಲ್ಲರ ಕೈಯಲ್ಲೂ ಹರಿತವಾದದ್ದೋ ಹರಿತವಾಗಬೇಕಾದದ್ದೋ ಒಂದೊಂದು ಇರುತ್ತಿದ್ದುದರಿಂದ ಕೊರಿಯರ್ ಕೊಡಲು ಬಂದವನು ಮೊದಲ ಮಹಡಿಯಿಂದಲೇ ಹಿಂದಿರುಗಿ "ಮನೆಯಲ್ಲಿ ಯಾರೂ ಇರಲಿಲ್ಲ" ಎಂದು ಬರೆದುಕೊಂಡ.

ಕಟ್ಟಡದ ಸೆಕ್ರೆಟರಿ ನೋಟಿಸು ಹಿಡಿದು ಬಂದರು. ನಿಯಮಗಳನ್ನು ಬಾಯಿಪಾಠ ಮಾಡಿದ ಮನುಷ್ಯ.

"ವಾಸದ ಮನೇಲಿ ವ್ಯಾಪಾರ ಮಾಡೋ ಹಾಗಿಲ್ಲ."

"ವ್ಯಾಪಾರ ಅಲ್ಲ ಸಾರ್. ನಾನು ಯಾರ ಹತ್ರಾನೂ ದುಡ್ಡು ತಗೊಳ್ಳಲ್ಲ."

"ದುಡ್ಡು ತಗೊಂಡ್ರೆ ವ್ಯಾಪಾರ. ತಗೊಳ್ಳದೇ ಇದ್ರೆ ಅನುಮಾನ" ಎಂದರು ಸೆಕ್ರೆಟರಿ. "ಯಾವುದಕ್ಕೆ ನೋಟಿಸ್ ಕೊಡಬೇಕು ಅಂತ ನೀವೇ ಹೇಳಿ." ಆಮೇಲೆ ಮೆಟ್ಟಿಲ ಮೇಲೆ ಕೆಳಗೆ ನೋಡಿ, ನೋಟಿಸಿನ ಒಳಗಿನಿಂದ ಸುತ್ತಿದ ಮಿಕ್ಸಿಯ ಬ್ಲೇಡೊಂದನ್ನು ತೆಗೆದರು. "ಇದು ನಮ್ಮ ಮನೆಯವರದು. ನೋಟಿಸಿಗೂ ಇದಕ್ಕೂ ಸಂಬಂಧ ಇಲ್ಲ."

ಗುಮಾಸ್ತನ ನೌಕರಿ ಬಸ್ ಕಂಪನಿಯ ಕಳೆದುಹೋದ ಸಾಮಾನಿನ ವಿಭಾಗದಲ್ಲಿ. ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಜೊತೆ ಹಲ್ಲಿನ ಸೆಟ್ಟು, ಎಲ್ಲಕ್ಕೂ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ಯಾರಾದರೂ ಬರುತ್ತಾರೆಂದು ಕಾಯುವ ಕೆಲಸ. ಅಲ್ಲಿಗೂ ಸುದ್ದಿ ಮುಟ್ಟಿತು. ಮೇಲಧಿಕಾರಿ ಒಳಗೆ ಕರೆಸಿದರು.

"ಹೊರಗಡೆ ಬೇರೆ ಉದ್ಯೋಗ ಹಿಡಿದಿದೀರಂತೆ. ನಿಯಮ ಗೊತ್ತಿದೆಯೇನ್ರೀ?"

"ಉದ್ಯೋಗ ಅಲ್ಲ ಸಾರ್. ಅಭ್ಯಾಸ."

"ಎಂಥ ಅಭ್ಯಾಸ?"

"ಅದನ್ನ ಈಗ ಹೇಳೋ ಹಾಗಿಲ್ಲ ಸಾರ್."

ಮೇಲಧಿಕಾರಿ ಎದ್ದು ಬಾಗಿಲು ಹಾಕಿದರು.  ಅವರು ಮೇಜಿನ ಕೆಳಗಿನಿಂದ ಬೇಲಿ ಕತ್ತರಿಸುವ ಮಾರುದ್ದದ ಕತ್ತರಿ ಎಳೆದು ಮೇಜಿನ ಮೇಲಿಟ್ಟರು. "ಎರಡು ವರ್ಷದಿಂದ ಬೇಲಿ ಕತ್ತರಿಸ್ತಿಲ್ಲ ಇದು, ಬರೀ ಬೈಯುತ್ತೆ. ಈ ಅಭ್ಯಾಸದಲ್ಲಿ ಇದೂ ಸೇರುತ್ತೇನು?"

"ಬಸ್ಸಲ್ಲಿ ಇಷ್ಟುದ್ದ ಕತ್ತರಿ ಹಿಡ್ಕೊಂಡು ಹೋದ್ರೆ ಕಂಡಕ್ಟರು ಇಳಿಸಿಬಿಡ್ತಾನೆ ಸಾರ್."

"ಹಾಗಾದ್ರೆ ನಾನೇ ಒಂದಿನ ಬಂದು ಕೊಡ್ತೀನಿ."

*

ಇಷ್ಟರಲ್ಲಿ ಹೆಂಡತಿಯ ಅಣ್ಣನಿಗೆ ಯಾರೋ ಹೇಳಿದರು. ಅವನು ತಂಗಿಗೆ ಫೋನ್ ಮಾಡಿದ.

"ಭಾವ ಸಾಣೆ ಹಿಡೀತಿದಾರಂತೆ? ನಿಜಾನಾ?"

"ಹ್ಞೂಂ."

"ಯಾಕೆ? ಕೆಲಸ ಏನಾಯ್ತು?"

"ಹೇಳೋ ಹಾಗಿಲ್ಲ ಅಣ್ಣಾ. ಆಣೆ ಮಾಡಿಸ್ಕೊಂಡಿದಾರೆ."

ಅಣ್ಣನ ದನಿ ತಗ್ಗಿತು. "ಅಪ್ಪನಿಗೆ?"

"ಅಪ್ಪನಿಗಂತೂ ಹೇಳಲೇ ಬಾರದಂತೆ."

ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗಣಿತದವಳು ನೋಡಿ. ಆದರೆ ಆ ಸಂಜೆಯೊಳಗೆ ಮಾವನಿಗೆ ಮುಟ್ಟಿದ ಸುದ್ದಿ ಹೀಗಿತ್ತು: ಅಳಿಯನ ನೌಕರಿ ಹೋಗಿದೆ, ಮೆಟ್ಟಿಲ ಮೇಲೆ ಕೂತು ಚಾಕು ಸಾಣೆ ಹಿಡಿದು ಬದುಕುತ್ತಿದ್ದಾನೆ, ನಾಚಿಕೆಯಿಂದ ಯಾರಿಗೂ ಹೇಳುತ್ತಿಲ್ಲ.

ಎರಡು ತಿಂಗಳಿಗೆ ಬರಬೇಕಿದ್ದ ಮಾವ ಮರುದಿನ ಬೆಳಗಿನ ರೈಲಿಗೇ ಬಂದಿಳಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚದುರಂಗದ ಪೆಟ್ಟಿಗೆ. ಬಾಗಿಲಲ್ಲಿ ಅಳಿಯನ ಭುಜ ಹುಡುಕಿ, ಹಿಡಿದು, "ಯಾವ ಕೆಲಸಾನೂ ಕೀಳಲ್ಲ ಅಳಿಯಂದಿರೇ" ಎಂದರು. ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. "ಹೌದು ಮಾವ" ಎಂದ. ಅಲ್ಲಿಗೆ ಅವರ ಅನುಮಾನ ಗಟ್ಟಿಯಾಯಿತು.

ಒಂಬತ್ತು ಗಂಟೆಗೆ ಗುಮಾಸ್ತ ಡಬ್ಬಿ ತೆಗೆದುಕೊಂಡು ಹೊರಟ. "ಎಲ್ಲಿಗೆ?" ಎಂದರು ಮಾವ. "ಆಫೀಸಿಗೆ ಮಾವ." ಅವನು ಇಳಿದುಹೋದ ಮೇಲೆ ಮಾವ ಮಗಳ ಕಡೆ ತಿರುಗಿದರು. "ಪಾಪ. ಇನ್ನೂ ಆಫೀಸಿಗೆ ಅಂತಾನೇ ಹೇಳ್ತಾನೆ. ಯಾವ ಪಾರ್ಕಲ್ಲಿ ಕೂತಿದ್ದು ಬರ್ತಾನೋ. ಡಬ್ಬೀಲಿ ಏನಾದ್ರೂ ಇಟ್ಟಿದೀಯ ತಾನೇ?"

"ಇಟ್ಟಿದೀನಪ್ಪ" ಎಂದಳು ಮಗಳು, ನಗು ತಡೆಯಲು ಒಳಗೆ ಹೋಗುತ್ತ. ಆಣೆ ಒಂದು ಕಡೆ; ಗಂಡನ ಹದಿನೆಂಟು ವರ್ಷದ ಹೆಹ್ಹೆಗೆ ಅವಳಿಗೂ ಒಂದು ಲೆಕ್ಕ ಬಾಕಿ ಇತ್ತು.

ಸಂಜೆ ಗುಮಾಸ್ತ ಬರುವ ಹೊತ್ತಿಗೆ ಮೆಟ್ಟಿಲು ಸ್ಟೇಷನ್ನಾಗಿತ್ತು. ಮಾವ ಪಡಸಾಲೆಯ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿಸಿಕೊಂಡು ಕೂತಿದ್ದರು. ಮೊಮ್ಮಗಳ ನೋಟುಪುಸ್ತಕದ ಹಾಳೆ ಹರಿದು ಅವಳಿಂದಲೇ ನಂಬರು ಚೀಟಿ ಬರೆಸಿದ್ದರು. "ಕತ್ತರಿ ಎಡಗಡೆ, ಚಾಕು ಬಲಗಡೆ! ಅಲಗು ಕೆಳಗೆ ಮಾಡಿ ಹಿಡ್ಕೊಳ್ಳಿ! ಏಳನೇ ನಂಬರು, ನಿಮ್ಮ ದನಿ ಆರನೇ ಮೆಟ್ಟಿಲಿಂದ ಯಾಕೆ ಬರ್ತಿದೆ?" ಎಂದು ಅವರು ಕೂಗಿದರೆ ಸೆಕ್ರೆಟರಿ ಕೂಡ ಸಾಲಿಗೆ ಸರಿಯುತ್ತಿದ್ದರು. ಕಾಯುವವರಿಗೆ ಬೇಸರವಾಗದಿರಲಿ ಎಂದು ಚದುರಂಗದ ಹಲಗೆ. ದರ್ಜಿ ಎರಡು ಆಟ ಸೋತು, ಹರಿತವಾಗಿಯೇ ಇದ್ದ ಕತ್ತರಿಯನ್ನು ಮರುದಿನ ಮತ್ತೆ ತಂದ.

"ನಿಮಗೆ ಕೈ ಬಿಡುವಾಗಬಾರದು ಅಳಿಯಂದಿರೇ" ಎಂದರು ಮಾವ ಹೆಮ್ಮೆಯಿಂದ. "ನಾನಿದೀನಿ. ಒಂದು ಕೆಲಸ ಹೋದ್ರೆ ಹೋಯ್ತು, ಇದನ್ನ ಎಲ್ಲಿಗೆ ತಲುಪಿಸ್ತೀನಿ ನೋಡ್ತಾ ಇರಿ."

ಒಂದು ಕೆಲಸ ಹೋದರೆ? ಯಾರ ಕೆಲಸ? ಕೇಳುವಷ್ಟರಲ್ಲಿ ಅವರು "ಎಂಟನೇ ನಂಬರ್!" ಎಂದು ಕೂಗಿದ್ದರು. ಗುಮಾಸ್ತ ಚಾಕು ಹಿಡಿದ. ಬಾಲ್ಕನಿಯಲ್ಲಿ ಕೂತವನ ಕಿವಿಗೆ ಬೀಳುತ್ತಿದ್ದುದು ಒಂದೇ. ಮಾವ ಆಡುತ್ತ ಆಡುತ್ತ ಕಾಯಿಗಳ ಮೇಲೆ ಬೆರಳಾಡಿಸಿ "ಇದು ಆನೆ... ಇದು ಕುದುರೆ..." ಎನ್ನುವರು. ಮುಚ್ಚಳಕ್ಕೆ ಬಂದಾಗ ಬೆರಳು ಒಂದು ಗಳಿಗೆ ನಿಲ್ಲುವುದು, ಮುಂದಕ್ಕೆ ಹೋಗುವುದು. ಹೆಸರು ಹೇಳುವುದಿಲ್ಲ.

ಹನ್ನೆರಡು ದಿನ ಹೀಗೆ ಕಳೆಯಿತು. ಇನ್ನು ಮೂರು ದಿನಕ್ಕೆ ಮಾವ ವಾಪಸು. ಸಾಣೆ ಬಂದಿತ್ತು, ಉಳಿ ಇತ್ತು, ಲೇತ್ ಕಾದಿತ್ತು; ಕಡೆಯಲು ಒಂದು ಮಧ್ಯಾಹ್ನ ಮಾತ್ರ ಇರಲಿಲ್ಲ. ಗುಮಾಸ್ತ ತನ್ನ ಜೀವಮಾನದ ಮೊದಲ ಸುಳ್ಳು ರಜೆಯ ಅರ್ಜಿ ಬರೆದ: ಹೊಟ್ಟೆನೋವು.

ಮನೆಯಿಂದ ಹೊರಡುವಾಗ ಇನ್ನೊಂದು ಹೊಳೆಯಿತು. ಮುರಿದ ರಾಜ ಹೇಗಿದ್ದ? ಹದಿನೆಂಟು ವರ್ಷದಿಂದ ಕಣ್ಣ ಮುಂದೆ ಇದ್ದದ್ದು ಮುಚ್ಚಳ. ಆದರೆ ಪೆಟ್ಟಿಗೆಯಲ್ಲಿ ಕಪ್ಪು ರಾಜ ಇದ್ದಾನೆ, ಅವನು ಸತ್ತವನ ಅವಳಿ. ಮಾವ ಸ್ನಾನಕ್ಕೆ ಹೋಗಿದ್ದರು. ಗುಮಾಸ್ತ ಪೆಟ್ಟಿಗೆ ತೆರೆದು ಕಪ್ಪು ರಾಜನನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.

*

ಅಂಗಡಿಯಾಕೆ ದೋಣಿ ಬಾಯಿಯ ಉಳಿಯನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಅದರ ಉದ್ದ ಅಳೆದಳು.

"ಕೊಟ್ಟಾಗ ಇದು ಉಳಿ ಆಗಿತ್ತು" ಎಂದಳು. "ಈಗ ಬೆಣೆ ಆಗಿದೆ." ನಾಲ್ಕು ಬೆರಳಷ್ಟು ಉಕ್ಕು ಸಾಣೆಗೆ ಹೋಗಿತ್ತು. ಆಮೇಲೆ ಆಕೆ ಅದನ್ನು ದೀಪದ ಕೆಳಗೆ ಹಿಡಿದಳು. ತಿರುಗಿಸಿದಳು. ಬೆಳ್ಳಗಿನ ಗೆರೆ ಎಲ್ಲೂ ಇರಲಿಲ್ಲ. ಹೆಬ್ಬೆರಳಿನ ಉಗುರಿಗೆ ಮುಟ್ಟಿಸಿದರೆ ಜಾರದೆ ಕಚ್ಚಿಕೊಂಡಿತು.

"ಯಾರು ಹಿಡಿದಿದ್ದು ಇದನ್ನ?"

"ನಾನೇ."

"ಆರು ವಾರದಲ್ಲಿ?"

"ಇನ್ನೂರ ಮೂವತ್ತು ಚಾಕು, ತೊಂಬತ್ತು ಕತ್ತರಿ, ಒಂದು ಮಿಕ್ಸಿ" ಎಂದ ಗುಮಾಸ್ತ.

ಆಕೆ ಹಿಂದಿನ ಬಾಗಿಲು ತೆರೆದಳು.

ಸಾಣೆ ಕಲಿತವನಿಗೆ ಕಡೆಯುವುದು ತಾನಾಗಿ ಬರುತ್ತದೆ ಎಂದು ನೀವು ತಿಳಿದಿದ್ದರೆ, ಗುಮಾಸ್ತನೂ ಹಾಗೇ ತಿಳಿದಿದ್ದ. ಮೊದಲನೆಯ ರಾಜ ಲೇತಿನಿಂದ ಚಿಮ್ಮಿ ಕೊಟ್ಟಿಗೆಯ ಛಾವಣಿಗೆ ಬಡಿದ. "ಬೆನ್ನು ಮೊದಲು, ಅಲಗು ಆಮೇಲೆ!" ಎಂದು ಆಕೆ ಕೂಗಿದಳು. "ಉಳಿಯ ಬೆನ್ನು ಮರಕ್ಕೆ ತಾಗಿಸಿ, ಉಜ್ಜೋಕೆ ಬಿಡಿ, ನಿಧಾನಕ್ಕೆ ಹಿಡಿ ಎತ್ತಿ. ಪರಿಚಯ ಮಾಡ್ಕೊಳ್ಳದೇ ಮೈಮೇಲೆ ಬೀಳ್ತಾರೇನ್ರೀ ಯಾರಾದ್ರೂ?" ಎರಡನೆಯ ರಾಜ ಈರುಳ್ಳಿಯಂತೆ ಆದ. ಮೂರನೆಯವನಿಗೆ ಕುತ್ತಿಗೆಯೇ ಇರಲಿಲ್ಲ, ನಾಲ್ಕನೆಯವನಿಗೆ ಬರೀ ಕುತ್ತಿಗೆ. ಐದನೆಯವನನ್ನು ಕಂಡು ಗುಮಾಸ್ತನಿಗೆ ಶಾಲೆಯ ಮೇಷ್ಟ್ರ ನೆನಪಾಯಿತು.

ಪ್ರತಿ ಸಲವೂ ಅಲಗು ಒಂದಿಷ್ಟು ಮೊಂಡಾಗುತ್ತಿತ್ತು. ಪ್ರತಿ ಸಲವೂ ಅವನು ಸಾಣೆಗೆ ಹೋಗಿ, ಎರಡು ಉಸಿರಿನಲ್ಲಿ ಮುಗಿಸಿ, ನೋಡದೆಯೇ ಹಿಂದಿರುಗುತ್ತಿದ್ದ. ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ವಿಚಿತ್ರ ಮನುಷ್ಯ" ಎಂದಳು. "ಸಾಣೆ ನೋಡಿದ್ರೆ ಮೂವತ್ತು ವರ್ಷದ ಉಸ್ತಾದ. ಕಡೆತ ನೋಡಿದ್ರೆ ಇವತ್ತು ಬೆಳಿಗ್ಗೆ ಹುಟ್ಟಿದೋನು."

ಒಂಬತ್ತನೆಯ ಮರ. ಬೆನ್ನು ತಾಗಿತು, ಉಜ್ಜಿತು. ಹಿಡಿ ಕೂದಲೆಳೆಯಷ್ಟು ಮೇಲೆದ್ದಿತು. ಉಳಿಯ ಬಾಯಿಂದ ಬಿಳಿಯ ಸುರುಳಿಯೊಂದು, ಸದ್ದಿಲ್ಲದೆ, ಎಳೆ ಮುರಿಯದೆ, ಅವನ ಮುಂಗೈ ಮೇಲಿಂದ ಹರಿದು ತೋಳಿನವರೆಗೆ ಬಂತು. ಗುಮಾಸ್ತ ಉಸಿರು ಹಿಡಿದ. ಆಕೆಯೂ.

"ಈಗ ಏನೂ ಯೋಚನೆ ಮಾಡಬೇಡಿ" ಎಂದಳು ಪಿಸುಮಾತಿನಲ್ಲಿ.

*

ಆ ಹೊತ್ತಿಗೆ ಮನೆಯ ಮೆಟ್ಟಿಲ ಮೇಲೆ ವಿಚಾರಣೆ ನಡೆಯುತ್ತಿತ್ತು. ಸಂಜೆ ಹಲಗೆ ಜೋಡಿಸುವಾಗ ಮಾವನ ಬೆರಳಿಗೆ ಕಪ್ಪು ರಾಜ ಸಿಗಲಿಲ್ಲ. ಪೆಟ್ಟಿಗೆ ಬೋರಲು ಹಾಕಿದರು. ಸಾಲನ್ನು ನಿಲ್ಲಿಸಿದರು. "ಯಾರೂ ಇಳಿಯೋ ಹಾಗಿಲ್ಲ!" ಇಪ್ಪತ್ತು ಜನ, ಇಪ್ಪತ್ತು ಚಾಕು, ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ದರ್ಜಿಯ ಜೇಬು ತಪಾಸಣೆಯಾಯಿತು. ಅಜ್ಜಿಯ ಸೊಂಟದ ಚೀಲದಲ್ಲಿ ಮೂರು ನಿಂಬೆಹಣ್ಣು ಸಿಕ್ಕವು.

"ತಾತಾ, ಬೆಳಿಗ್ಗೆ ಅಪ್ಪ ಪೆಟ್ಟಿಗೆ ತೆಗೆದಿದ್ದು ನಾನು ನೋಡಿದೆ" ಎಂದಳು ಮೊಮ್ಮಗಳು.

 ಮಾವ ಮೆಲ್ಲಗೆ ಕುರ್ಚಿಗೆ ಒರಗಿದರು. "ಮಾರೋಕೆ ತಗೊಂಡು ಹೋದ" ಎಂದರು. "ಅಷ್ಟು ಕಷ್ಟ ಬಂತಾ ನನ್ನ ಅಳಿಯನಿಗೆ? ಕೇಳಿದ್ರೆ ಹಲಗೆ ಸಮೇತ ಕೊಟ್ಟುಬಿಡ್ತಿದ್ನಲ್ಲ."

ಆಗಲೇ ಕೆಳಗಿನಿಂದ ಮಾರುದ್ದದ ಕತ್ತರಿ ಹೊತ್ತು ಮೇಲಧಿಕಾರಿ ಹತ್ತಿಬಂದರು. "ಇದು ಗುಮಾಸ್ತರ ಮನೆ ತಾನೇ? ನಾನು ಅವರ ಆಫೀಸಿನ..."

"ಓಹೋ, ನೀವೇ ಏನ್ರೀ?" ಮಾವ ಎದ್ದು ನಿಂತರು. "ನಮ್ಮ ಅಳಿಯನ್ನ ಕೆಲಸದಿಂದ ತೆಗೆದು, ಈಗ ನಾಚಿಕೆ ಇಲ್ಲದೆ ಕತ್ತರಿ ಹಿಡ್ಕೊಂಡು ಬಂದಿದೀರಾ? ಇಪ್ಪತ್ತೊಂದನೇ ನಂಬರು! ಕೊನೇಲಿ ನಿಂತ್ಕೊಳ್ಳಿ!"

"ತೆಗೆದಿಲ್ಲ ಸ್ವಾಮಿ! ಹೊಟ್ಟೆನೋವು ಅಂತ ಇವತ್ತು ಅವರೇ ರಜೆ ಹಾಕಿದಾರೆ!"

"ಹೊಟ್ಟೆನೋವಾ?" ಎಂದರು ಅಜ್ಜಿ. "ಬೆಳಿಗ್ಗೆ ಮೂರು ಮೂರು ಮೆಟ್ಟಿಲು ಒಟ್ಟಿಗೆ ಇಳಿದುಕೊಂಡು ಹೋದನಲ್ಲ!"

ಇಂಥ ಗಳಿಗೆಯಲ್ಲಿಯೇ ಗುಮಾಸ್ತ ಮೆಟ್ಟಿಲು ಹತ್ತಿಬರಬೇಕೇ? ಬಂದ. ತಲೆಯ ಮೇಲೆ, ಹುಬ್ಬಿನ ಮೇಲೆ, ಅಂಗಿಯ ಜೇಬಿನಲ್ಲಿ ಮರದ ಸುರುಳಿಗಳು. ಸಾಲು ಎರಡಾಗಿ ದಾರಿ ಬಿಟ್ಟಿತು. ಮೇಲಧಿಕಾರಿಯನ್ನು ಕಂಡು ಅವನಿಗೆ ನಿಜವಾಗಿಯೂ ಹೊಟ್ಟೆನೋವು ಶುರುವಾಯಿತು. ಮಾವನ ಮುಂದೆ ನಿಂತು, ಎರಡು ಜೇಬಿನಿಂದ ಎರಡು ರಾಜರನ್ನು ತೆಗೆದು, ಅವರ ಎರಡು ಅಂಗೈಯಲ್ಲಿಟ್ಟ.

ಮಾವನ ಬೆರಳುಗಳು ಮಡಿಚಿದವು. ಬಲಗೈಯ ಹೆಬ್ಬೆರಳು ಬುಡದಿಂದ ನೆತ್ತಿಯ ಗುಂಡಿನವರೆಗೆ ಹೋಗಿ ಬಂತು. ಎಡಗೈಯ ಹೆಬ್ಬೆರಳು ಅದೇ ದಾರಿ ಹಿಡಿಯಿತು, ನಡುವೆ ಒಮ್ಮೆ ನಿಂತಿತು.

"ಇದು ನಂದು" ಎಂದರು. "ಇದು..." ಎಡಗೈಯದನ್ನು ಕಣ್ಣಿನ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ತಂದರು. ಬಿಳಿಯ ಮರ. ಮೂಸಿದರು. "ತಲೆ ಒಂಚೂರು ವಾಲಿದೆ."

"ಹೌದು ಮಾವ."

"ಕುತ್ತಿಗೆ ದಪ್ಪ."

"ಹೌದು ಮಾವ."

"ಒಳ್ಳೇದಾಯ್ತು. ಈ ಸಲ ತುಳಿದ್ರೂ ಮುರಿಯಲ್ಲ."

ಆಮೇಲೆ ಎಷ್ಟೋ ಮಾತಾಯಿತು. ಹೆಂಡತಿ ಆಣೆ ಬಿಡಿಸಿಕೊಂಡು ಎಲ್ಲವನ್ನೂ ಹೇಳಿದಳು. ಮೇಲಧಿಕಾರಿ ಅರ್ಜಿಯ ಮೇಲಿನ ಹೊಟ್ಟೆನೋವನ್ನು ಹೊಡೆದುಹಾಕಿ "ಮಾವನ ಕೆಲಸ" ಎಂದು ತಿದ್ದುವುದಾಗಿ ಒಪ್ಪಿದರು, ಕತ್ತರಿಗೆ ಮೊದಲ ಪಾಳಿ ಸಿಕ್ಕಿದರೆ. ಮಾವ ಹಲಗೆ ಜೋಡಿಸಿದರು. ಬಿಳಿ ರಾಜ ತನ್ನ ಮನೆಯಲ್ಲಿ ನಿಂತ, ಒಂಚೂರು ವಾಲಿಕೊಂಡು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ. ಮುಚ್ಚಳವನ್ನು ಮೊಮ್ಮಗಳು ಕೇಳಿ ತೆಗೆದುಕೊಂಡಳು.

"ಕೂತ್ಕೊಳ್ಳಿ ಅಳಿಯಂದಿರೇ" ಎಂದರು ಮಾವ. "ಅವತ್ತು ಹದಿನಾಲ್ಕನೇ ನಡೆಗೆ ನಿಂತಿತ್ತು. ನಿಮ್ಮದೇ ಆಟ."

ಗುಮಾಸ್ತ ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಕೂತ. ಇಪ್ಪತ್ತೆರಡನೆಯ ನಡೆಗೆ ಸೋತ.

ಎಂಟು ದಿನದಲ್ಲಿ ಎಂದದ್ದು ನಡೆಯಲಿಲ್ಲ. ಕೈಯಾರೆ ಕಡೆದು ತಂದುಕೊಡುತ್ತೇನೆ ಎಂದದ್ದು ನಡೆಯಿತು.